ಹಿಂದಿನ ಸೀಟಿನ ಪ್ರಯಾಣಿಕರು

ಕಳೆದ ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ನಮ್ಮ ಬಲಕ್ಕೆ ಕುಳಿತಿದ್ದ ಹಿರಿಯರೊಬ್ಬರು, ಎಲೆಗೆ ಕೋಸಂಬರಿ ಬೀಳುವುದಕ್ಕೆ ಮೊದಲೇ ನಮ್ಮ ಕಡೆ ತಿರುಗಿದರು.

"ನಿಮ್ಮ ಬರಹ ಓದ್ತಿರ್ತೀನ್ರಿ. ಏನೇನೋ ಬರೀತೀರಿ. ಇವತ್ತ ಒಂದು ಉಪಯೋಗದ ಮಾತು ಹೇಳ್ರಿ. ಯಾದಗಿರಿ ಹತ್ರ ನಮ್ಮ ಹೊಲದ ಮನಿಗೆ ಐವತ್ತು ಕೋಳಿಮರಿ ಒಯ್ಯಬೇಕು. ಕಾರಿನಾಗ ಒಯ್ಯಬಹುದೇನು?"

"ಧಾರಾಳವಾಗಿ ಒಯ್ಯಬಹುದು" ಎಂದೆವು.

"ದಾರ್ಯಾಗ ಸಾಯೂದಿಲ್ಲ ಹೌದಲ್ರಿ?"

ಈ ಪ್ರಶ್ನೆಗೆ ನಮ್ಮ ಬಾಯಿಂದ ಉತ್ತರ ಹೊರಡಲಿಲ್ಲ. ಬಡಿಸುವವರು ಬಂದರು, ಅನ್ನ ಸಾರು ಬಂದವು, ಮಾತು ಬೇರೆ ಕಡೆ ಹರಿಯಿತು. ಅಂದು ಹೇಳದೆ ಉಳಿದ ಉತ್ತರವನ್ನು ಇಂದು ಬರೆಯುತ್ತಿದ್ದೇವೆ. ಏಕೆಂದರೆ ಕೋಳಿಮರಿಗಳನ್ನು ಕಾರಿನಲ್ಲಿ ಒಯ್ಯುವುದರಲ್ಲಿ ನಮಗೆ ಎರಡು ಸಲದ ಅನುಭವವುಂಟು. ಮೊದಲನೆಯ ಸಲ ಹನ್ನೊಂದನ್ನು ಕೊಂದೆವು.

ನಮ್ಮಕ್ಕ ಬೀದರಿನಿಂದ ಭಾಲ್ಕಿಯ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿರುತ್ತಾಳೆ. ಭಾವನವರು ತೀರಿಹೋಗಿ ಮೂರು ವರ್ಷವಾಯಿತು. ಎರಡೆಕರೆ ತೊಗರಿ, ಒಂದು ಎಮ್ಮೆ, ಬೀದರಿನಲ್ಲಿ ನರ್ಸಿಂಗ್ ಓದುತ್ತಿರುವ ಮಗಳು, ಇಷ್ಟು ಅವಳ ಸಂಸಾರ. ಆ ಮಗಳ ಫೀಸಿನ ಸಲುವಾಗಿ ಅಕ್ಕನಿಗೆ ಕೋಳಿಯ ಯೋಚನೆ ಹೊಳೆಯಿತು. ವನರಾಜ ಎಂಬ ತಳಿಯ ಹೆಸರನ್ನು ಅವಳು ಯಾರಿಂದಲೋ ಕೇಳಿದ್ದಳು. ಇದು ನಮ್ಮ ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕೋಳಿ ಸಂಶೋಧನಾ ನಿರ್ದೇಶನಾಲಯದವರು ರೂಪಿಸಿದ ತಳಿ. ಬೆಂಗಳೂರು ಹೆಬ್ಬಾಳದ ಗಿರಿರಾಜನ ಹಾಗೆ ಬಣ್ಣದ ಗರಿಯದು. ಹಿತ್ತಲಲ್ಲಿ ತಾನೇ ಕೆದರಿ ಮೇಯ್ದು ಬದುಕತಕ್ಕದ್ದು. ಸುಮಾರು ಆರು ತಿಂಗಳಿಗೆ ಇಡಲು ತೊಡಗಿ, ವರ್ಷಕ್ಕೆ ನೂರು ನೂರಹತ್ತು ಮೊಟ್ಟೆ ಕೊಡುತ್ತದೆ. ಅಕ್ಕ ಸ್ವಸಹಾಯ ಸಂಘದಿಂದ ಸಾಲ ತೆಗೆದು ಹಣ ಕಳಿಸಿದಳು. "ತಮ್ಮಾ, ನಿನ್ನ ಕಾರಿನಾಗ ತಂದುಬಿಡು" ಎಂದಳು. ನಮ್ಮದು ಕೈಬದಲಾದ ಚಿಕ್ಕ ಕಾರು. ಅದರ ಸಾಲದ ಕಂತು ನಮ್ಮ ಸಂಬಳದಲ್ಲಿ ಪ್ರತಿ ತಿಂಗಳೂ ಮುರಿಯುತ್ತದೆ. ಆದರೂ ಅಕ್ಕನಿಗೆ ಅದೊಂದು ಹೆಮ್ಮೆ.

ಆಗ ಏಪ್ರಿಲ್ ತಿಂಗಳು. ಕಚೇರಿಯಲ್ಲಿ ಒಂದು ಕಡತ ಮುಗಿಸಿ ಅರ್ಧ ದಿನದ ರಜೆ ಪಡೆದು, ನಗರದ ಹೊರವಲಯದ ಹ್ಯಾಚರಿಗೆ ಹೋಗುವ ಹೊತ್ತಿಗೆ ಹನ್ನೆರಡು ಹೊಡೆದಿತ್ತು. ಐವತ್ತಕ್ಕೆ ಒಂದು ಹೆಚ್ಚಿಗೆ ಸೇರಿಸಿ ಐವತ್ತೊಂದು ಮರಿ ಎಣಿಸಿ ಕೊಟ್ಟರು. ಬಿಲ್ಲಿನ ಅಂಕಿ, ಕೂಡಿಕೆ, ಸಹಿ ಎಲ್ಲವನ್ನೂ ತಪಾಸಣೆ ಮಾಡಿದೆವು. ಗುಮಾಸ್ತರಲ್ಲವೆ? ಮರಿಗಳನ್ನು ಮಾತ್ರ ತಪಾಸಣೆ ಮಾಡಲಿಲ್ಲ. ಬಿ.ಎ. ತರಗತಿಯಲ್ಲಿ ನಮಗೆ ಮೊಗಲರ ಭೂಕಂದಾಯವನ್ನು ಕಲಿಸಿದ್ದರೇ ಹೊರತು ಕೋಳಿಮರಿಯ ಮೈಕಾವನ್ನು ಯಾರೂ ಕಲಿಸಿರಲಿಲ್ಲ.

ಸೆಕೆಯೆಂದು ಏ.ಸಿ.ಯನ್ನು ಪೂರ್ತಿ ತಿರುಗಿಸಿದೆವು. ಸಂಗಾರೆಡ್ಡಿ ತಲುಪುವಷ್ಟರಲ್ಲಿ ಪೆಟ್ಟಿಗೆಯಲ್ಲಿ ಕಿವಿ ಕಿವುಡಾಗುವಂತಹ ಚೀರಾಟ. "ಪಾಪ, ಹಸಿವು ನೀರಡಿಕೆ ಇರಬೇಕು" ಎಂದು ನಮ್ಮ ಮನೆಯವರು ಮುಚ್ಚಳ ತೆಗೆದು ಒಂದು ಬಟ್ಟಲು ನೀರಿಟ್ಟರು. ಮುಂದಿನ ರೋಡ್‌ಹಂಪಿನಲ್ಲಿ ಬಟ್ಟಲು ಮಗುಚಿತು. ಹತ್ತಾರು ಮರಿ ತೊಯ್ದು ತೊಪ್ಪೆಯಾದವು. ಚೀರಾಟ ಹೆಚ್ಚಿತು. ಜಹೀರಾಬಾದಿನಲ್ಲಿ, ಇನ್ನು ತಡೆಯಲಾರೆವೆಂದು ಕಾರು ನಿಲ್ಲಿಸಿ, ಧೂಳು ಬರಬಾರದೆಂದು ಗಾಜನ್ನೆಲ್ಲ ಏರಿಸಿ ಬೀಗ ಹಾಕಿ, ಹೋಟೆಲಿಗೆ ಹೋಗಿ ಎರಡು ಪ್ಲೇಟು ಇಡ್ಲಿ ತಿಂದು ಚಹಾ ಕುಡಿದು ಬಂದೆವು. ಇಪ್ಪತ್ತೈದು ನಿಮಿಷವಾಗಿರಬಹುದು. ಬಾಗಿಲು ತೆಗೆದರೆ ಪೆಟ್ಟಿಗೆಯಲ್ಲಿ ಸದ್ದಿಲ್ಲ.

"ಮಲಗಿವೆ, ಎಬ್ಬಿಸಬೇಡಿ" ಎಂದು ನಾವೇ ಪಿಸುಮಾತಿನಲ್ಲಿ ಹೇಳಿದೆವು. ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ.

ಅಕ್ಕನ ಅಂಗಳದಲ್ಲಿ ಮುಚ್ಚಳ ತೆಗೆದಾಗ ಏಳು ಮರಿ ಸತ್ತಿದ್ದವು. ಉಳಿದವುಗಳಲ್ಲಿ ಹಲವು ರೆಕ್ಕೆ ಜೋಲಿಸಿಕೊಂಡು ಬಾಯಿ ತೆರೆದು ಬಿದ್ದಿದ್ದವು. ಆ ರಾತ್ರಿ ಇನ್ನು ನಾಲ್ಕು ಹೋದವು. ಅಕ್ಕ ನಮಗೆ ಒಂದು ಮಾತನ್ನೂ ಅನ್ನಲಿಲ್ಲ. ಕೈಕಾಲು ತೊಳೆಯಲು ನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು. ಬೆಳಗ್ಗೆ ನಾವೇಳುವ ಮುಂಚೆ ಹುಣಿಸೆಮರದ ಬುಡದಲ್ಲಿ ಅವನ್ನು ಮಣ್ಣುಮಾಡಿದ್ದಳು. ಅವಳದೊಂದು ಲೆಕ್ಕದ ನೋಟುಪುಸ್ತಕವುಂಟು. ಅದರಲ್ಲಿ ೫೧ ಎಂದು ಬರೆದಿದ್ದನ್ನು ಹೊಡೆದು ೪೦ ಎಂದು ತಿದ್ದಿದ್ದಳು. ನಮ್ಮ ಕಚೇರಿಯ ಭಾಷೆಯಲ್ಲಿ ಇದಕ್ಕೆ ನಷ್ಟವನ್ನು ವಜಾ ಹಾಕುವುದೆನ್ನುತ್ತಾರೆ. ಯಾರ ಹೊಣೆ ಎಂಬ ಕಾಲಮ್ಮು ಅಕ್ಕನ ಪುಸ್ತಕದಲ್ಲಿರಲಿಲ್ಲ.

ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿರುವುದನ್ನು ವಾಚಕರು ಬಲ್ಲರು. ಅಲ್ಲಿ ಓದುತ್ತಿರುವ, ಅಕ್ಕನ ಓಣಿಯ ಹುಡುಗನೊಬ್ಬ ಮರುದಿನ ಬಂದು ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿ ಪಾಠ ಹೇಳಿದ. ನಮಗಿಂತ ಹದಿನೈದು ವರ್ಷ ಚಿಕ್ಕವನು. ಕೇಳಿದೆವು.

ಮೊಟ್ಟೆಯಿಂದ ಹೊರಬೀಳುವ ಮೊದಲು ಮರಿಯು ಒಳಗೆ ಉಳಿದ ಭಂಡಾರವನ್ನು ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಂಡುಬಿಡುತ್ತದೆ. ಅದೇ ಅದರ ಬುತ್ತಿ. ಆ ಬುತ್ತಿಯ ಬಲದ ಮೇಲೆ ಎರಡು ಮೂರು ದಿನ ಅನ್ನ ನೀರು ಇಲ್ಲದೆಯೂ ಅದು ಬದುಕಬಲ್ಲದು. ಅಮೆರಿಕದ ಅಂಚೆ ಇಲಾಖೆ ೧೯೧೮ರಿಂದ ಒಂದು ದಿನದ ಕೋಳಿಮರಿಗಳನ್ನು ಪಾರ್ಸೆಲು ಮಾಡಿ ಸಾಗಿಸುತ್ತಿರುವುದು ಈ ಧೈರ್ಯದ ಮೇಲೆಯೇ. ಎಪ್ಪತ್ತೆರಡು ಗಂಟೆಯ ವಾಯಿದೆ! ನಮ್ಮ ಕಚೇರಿಯಲ್ಲಿ ಒಂದು ಕಡತ ಈ ಮೇಜಿನಿಂದ ಆ ಮೇಜಿಗೆ ಹೋಗುವುದಕ್ಕೆ ಅದು ಸಾಲದು; ಅಲ್ಲಿ ಅಷ್ಟರಲ್ಲಿ ಮರಿಗಳು ಊರು ಸೇರುತ್ತವೆ. ಆದರೆ ಈ ವಾಯಿದೆ ಅಂಗಡಿಯಿಂದ ಹೊರಟ ಗಳಿಗೆಯಿಂದಲ್ಲ, ಮೊಟ್ಟೆಯೊಡೆದ ಗಳಿಗೆಯಿಂದ. ಆದ ಕಾರಣ ಹ್ಯಾಚರಿಯಲ್ಲಿ ಮೊದಲು ಕೇಳಬೇಕಾದದ್ದು ಬೆಲೆಯಲ್ಲ, ಜನ್ಮಸಮಯ. ಎರಡನೆಯದು ಮಾರೆಕ್ಸ್ ರೋಗದ ಲಸಿಕೆ ಆಯಿತೇ ಎಂದು. ಅದನ್ನು ಹುಟ್ಟಿದ ದಿನವೇ ಕತ್ತಿನ ಚರ್ಮದ ಕೆಳಗೆ ಚುಚ್ಚಬೇಕು.

ಹಸಿವನ್ನು ತಾಳುವ ಈ ಮರಿ ಚಳಿಯನ್ನೂ ಸೆಕೆಯನ್ನೂ ತಾಳದು. ಅದರ ಮೈಮೇಲಿರುವುದು ಗರಿಯಲ್ಲ, ಬರಿಯ ತುಪ್ಪುಳು. ಮೈಯ ಕಾವು ೪೦ ಡಿಗ್ರಿಯ ಮೇಲಿರಬೇಕು. ಅದನ್ನು ಕಾಯ್ದುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ತಾಯಿಯ ರೆಕ್ಕೆಯಡಿ ಇದ್ದಿದ್ದರೆ ಪ್ರಶ್ನೆಯೇ ಇಲ್ಲ. ಮೊದಲ ವಾರ ಕಾವುಗೂಡಿನಲ್ಲಿ ಅದಕ್ಕೆ ೩೫ ಡಿಗ್ರಿಯ ಆಸುಪಾಸು ಬೇಕೆಂದ ಮೇಲೆ, ನಾವು ಹಿಂದಿನ ಸೀಟಿನ ಮೇಲೆ ಬಿಟ್ಟ ತಣ್ಣನೆಯ ಗಾಳಿ ಅದಕ್ಕೆ ಹೇಗಿದ್ದಿರಬೇಕು! ಆ ಚೀರಾಟ ಹಸಿವಿನದಲ್ಲ, ಚಳಿಯದು. ಕೊಟ್ಟ ನೀರು ಮೈ ತೋಯಿಸಿ ಚಳಿಯನ್ನು ಇಮ್ಮಡಿ ಮಾಡಿತು. ಅನಂತರ ಬಿಸಿಲಿನಲ್ಲಿ ಗಾಜೇರಿಸಿ ನಿಲ್ಲಿಸಿದ ಕಾರು. ಹಾಗೆ ನಿಲ್ಲಿಸಿದ ಕಾರಿನೊಳಗೆ ಅರ್ಧ ಗಂಟೆಯೊಳಗಾಗಿ ಹೊರಗಿನದಕ್ಕಿಂತ ಹದಿನೈದು ಡಿಗ್ರಿಗೂ ಮೇಲೆ ಏರುತ್ತದೆ. ಕೋಳಿಗೆ ಬೆವರುವುದು ಗೊತ್ತಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಮೈಯ ಸೆಕೆ ಕಳೆದುಕೊಳ್ಳಬೇಕು. ಏದುಸಿರು ಬಿಡುವ ಮರಿ ಚೀರಲಾರದು.

"ಸಪ್ಪಳ ನಿಂತಿತ್ತಂದ್ರ ಆಗಲೇ ಕೆಟ್ಟಿತ್ರಿ ಕಾಕಾ" ಎಂದ ಹುಡುಗ. "ಸುಖವಾಗಿದ್ರ ಅವು ಸುಮ್ಮನಿರೂದಿಲ್ಲ. ಮೆಲ್ಲಕ ಗುಜುಗುಜು ಅಂತಿರ್ತಾವ. ಆ ಗುಜುಗುಜು ಕೇಳಿಕೋತ ಗಾಡಿ ಹೊಡೀಬೇಕ್ರಿ."

ಊರಿಗೆ ಬಂದ ಮೇಲೆ ನಮ್ಮ ಕಸುಬಿನ ಚಾಳಿಯಂತೆ ನಿಯಮ ಹುಡುಕಿದೆವು. ಇದೆ! ೧೯೭೮ರ ಪ್ರಾಣಿ ಸಾಗಣೆ ನಿಯಮಗಳಿಗೆ ೨೦೦೧ರಲ್ಲಿ ಕೋಳಿಗಳ ಸಾಗಣೆಯ ಅಧ್ಯಾಯವನ್ನು ಸೇರಿಸಿದ್ದಾರೆ. ಮರಿಗಳಿಗೆ ಸಾಗಣೆಗೆ ಮುಂಚೆಯಾಗಲಿ ನಡುವೆಯಾಗಲಿ ಆಹಾರ ನೀರು ಕೊಡಕೂಡದು; ಬಿಸಿಲು ಮಳೆಗೆ ಒಡ್ಡಕೂಡದು; ಪೆಟ್ಟಿಗೆಯನ್ನು ಮಟ್ಟಸವಾಗಿ ಹಿಡಿಯಬೇಕು, ಮರಿಗಳು ಅಂಗಾತ ಬೀಳಬಾರದು; ಪೆಟ್ಟಿಗೆಯ ಮೇಲೂ ಸುತ್ತಲೂ ಬೇರೆ ಸಾಮಾನು ಒಟ್ಟಬಾರದು. ಸರ್ಕಾರದ ನಿಯಮವೊಂದು ಅಜ್ಜಿಯ ಬುದ್ಧಿಮಾತಿನಂತಿರುವುದನ್ನು ನಮ್ಮ ಹನ್ನೊಂದು ವರ್ಷದ ಸೇವೆಯಲ್ಲಿ ಇದೇ ಮೊದಲು ಕಂಡದ್ದು. ನಾವು ಇದರಲ್ಲಿ ಯಾವುದನ್ನು ಮುರಿಯದೆ ಬಿಟ್ಟಿದ್ದೆವೆಂದು ಲೆಕ್ಕ ಹಾಕಿದೆವು. ಮಳೆಗೆ ಮಾತ್ರ ಒಡ್ಡಿರಲಿಲ್ಲ.

ಎರಡನೆಯ ಪ್ರಯಾಣ ಅಕ್ಟೋಬರಿನಲ್ಲಿ, ದಸರಾ ಕಳೆದ ವಾರ. ಈ ಸಲ ಹಣ ನಮ್ಮದು. ಅಕ್ಕನಿಗೆ ಅದನ್ನು ಹೇಳಿರಲಿಲ್ಲ.

ಯಾದಗಿರಿಯ ಹಿರಿಯರು ಇಲ್ಲಿಂದ ಮುಂದೆ ಸ್ವಲ್ಪ ನಿಧಾನವಾಗಿ ಓದಬೇಕು.

ಹ್ಯಾಚರಿಯವರ ರಟ್ಟಿನ ಪೆಟ್ಟಿಗೆ ನೂರು ಮರಿಯದು. ಒಳಗೆ ನಾಲ್ಕು ಖಾನೆ, ಖಾನೆಗೆ ಇಪ್ಪತ್ತೈದು. ಐವತ್ತಕ್ಕೆ ಅದರ ಅರ್ಧ ಸಾಕು. ಹೆಚ್ಚು ಜಾಗ ಕೊಟ್ಟರೆ ಸುಖವೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ಕೆಲವೇ ಮರಿಯಿದ್ದರೆ ಒಂದರ ಕಾವು ಇನ್ನೊಂದಕ್ಕೆ ತಾಗುವುದಿಲ್ಲ, ತಿರುವಿನಲ್ಲೆಲ್ಲ ಜಾರಿ ಒಂದು ಮೂಲೆಗೆ ರಾಶಿ ಬೀಳುತ್ತವೆ, ಅಡಿಯಲ್ಲಿ ಸಿಕ್ಕಿದ್ದು ಉಸಿರುಗಟ್ಟುತ್ತದೆ. ನಾವು ಅರ್ಧ ಪೆಟ್ಟಿಗೆ ಕೇಳಿ ಪಡೆದೆವು. ಪಕ್ಕಗಳಲ್ಲೂ ಮುಚ್ಚಳದಲ್ಲೂ ತೂತಿರಬೇಕು. ಎಷ್ಟೇ ಬೆಚ್ಚಗಿರಲೆಂದರೂ ಅವನ್ನು ಬಟ್ಟೆಯಿಂದ ಮುಚ್ಚಬಾರದು. ಹತ್ತೇ ಮರಿ ಒಯ್ಯುವವರಿಗೆ ತಮ್ಮ ಮೈಕಾವು ತಮಗೆ ಸಾಲದಾದ ಕಾರಣ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಪಕ್ಕಕ್ಕೆ ಇಡಬೇಕಾಗುತ್ತದೆ.

ತಳದ ವಿಷಯಕ್ಕೆ ನಾವು ಒಂದು ಸಂಜೆಯನ್ನೇ ವ್ಯಯಿಸಿದೆವು. ವೃತ್ತಪತ್ರಿಕೆ ಹಾಸಿದರೆ ನುಣುಪು. ಎಳೆಗಾಲು ಎರಡು ಪಕ್ಕಕ್ಕೂ ಜಾರಿ ಸೀಳಿಕೊಂಡಂತಾಗಿ, ಆಮೇಲೆ ಮರಿ ನೆಟ್ಟಗೆ ನಿಲ್ಲುವುದೇ ಕಷ್ಟ. ಟವೆಲಿನ ಕುಣಿಕೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ಗೋಣಿತಟ್ಟು ಒಳ್ಳೆಯದೇ, ಆದರೆ ಬಿಚ್ಚಿದ ಎಳೆ ಬೆರಳಿಗೆ ಸುತ್ತಿದರೆ ಬಿಡಿಸುವವರಾರು? ಕೊನೆಗೆ ಹಳೆಯ ರಟ್ಟಿನ ಒಂದು ಪದರ ಸುಲಿದು, ಒಳಗಿನ ಏಣು ಏಣಾದ ಭಾಗ ಮೇಲೆ ಬರುವಂತೆ ಹಾಸಿ, ತೆಳ್ಳಗೆ ಭತ್ತದ ಹೊಟ್ಟು ಉದುರಿಸಿದೆವು. ಕಾಲೂರಿ ನಿಲ್ಲುವುದಕ್ಕೆ ಇದಕ್ಕಿಂತ ಬೇರೆ ಬೇಡ.

ಕಾರಿನ ಹಿಂದಿನ ಸೀಟು ನೋಡುವುದಕ್ಕೆ ಸಮವಾಗಿ ಕಾಣುತ್ತದೆ. ಒಂದು ತಟ್ಟೆ ನೀರಿಟ್ಟು ನೋಡಿ, ಬೆನ್ನಿನ ಕಡೆಗೆ ಇಳಿಜಾರು. ಅಕ್ಕನೇ ಹೊಲಿದುಕೊಟ್ಟ ಕೌದಿಯನ್ನು ಮಡಿಸಿ ಹಿಂಭಾಗಕ್ಕೆ ಕೊಟ್ಟು ಮಟ್ಟ ಮಾಡಿದೆವು. ಪೆಟ್ಟಿಗೆಗೆ ಬೆಲ್ಟು ಬಿಗಿದೆವು, ತೂತು ಮುಚ್ಚದಂತೆ. ಡಿಕ್ಕಿಯಲ್ಲಿ ಇಟ್ಟರಾಗದೇ ಎಂದು ಕೇಳುವವರುಂಟು. ಆಗದು. ಅಲ್ಲಿ ಗಾಳಿಯಿಲ್ಲ, ಕಣ್ಣಿಲ್ಲ, ಕಿವಿಯಿಲ್ಲ. ಹಿಂದಿನ ಸೀಟಿನಲ್ಲಿ ಪೆಟ್ಟಿಗೆಯ ಪಕ್ಕ ನಮ್ಮ ಮನೆಯವರು ವೀಕ್ಷಕರಾಗಿ ಕುಳಿತರು. ಅವರ ಕೈಯಲ್ಲಿ ಒಂದು ಚಿಕ್ಕ ಉಷ್ಣಮಾಪಕದ ಓದುಗಡ್ಡಿ. ತಂತಿಯ ತುದಿ ಪೆಟ್ಟಿಗೆಯೊಳಗೆ, ಮರಿಯ ಬೆನ್ನಿನ ಎತ್ತರಕ್ಕೆ. ಅಲ್ಲಿ ೩೦ರಿಂದ ೩೩ ಇರುವಂತೆ ನೋಡಿಕೊಳ್ಳುವುದು. ಐವತ್ತು ಮರಿ ಒಟ್ಟಿಗಿದ್ದು ತಾವೇ ಕಾವು ಬಿಡುವುದರಿಂದ, ಕಾರಿನ ಗಾಳಿ ೨೬, ೨೭ ಇದ್ದರೆ ಪೆಟ್ಟಿಗೆಯೊಳಗೆ ಸರಿಹೋಗುತ್ತದೆ. ಏ.ಸಿ.ಯ ಗಾಳಿ ನೇರ ಪೆಟ್ಟಿಗೆಗೆ ತಾಗದಂತೆ ತಿರುಗಿಸಿದೆವು. ನಮಗೆ ಸ್ವಲ್ಪ ಬೆವರಿತು. ಬೆವರುವ ಶಕ್ತಿ ನಮಗುಂಟಲ್ಲ!

ಮರಿಗಳನ್ನು ಹಿಂದಿನ ದಿನ ಸಂಜೆಗೆ ಮೊಟ್ಟೆಯೊಡೆದವು ಎಂದು ಖಾತ್ರಿ ಮಾಡಿಕೊಂಡು, ಬೆಳಗ್ಗೆ ಆರೂವರೆಗೆ ಹೊರಟೆವು. ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದೆವು: ಕಣ್ಣು ಹೊಳೆಯಬೇಕು, ಹೊಕ್ಕುಳು ಒಣಗಿ ಮುಚ್ಚಿರಬೇಕು, ಕಾಲು ನೆಟ್ಟಗಿರಬೇಕು. ಎರಡನ್ನು ಬದಲಾಯಿಸಿ ಕೊಡಿರೆಂದೆವು. ಕೊಟ್ಟವನು ನಮ್ಮನ್ನು ದೊಡ್ಡ ಅಧಿಕಾರಿಯೆಂದು ಬಗೆದಂತಿತ್ತು. ತಿದ್ದಲಿಲ್ಲ.

ಪಟಾನ್‌ಚೆರು, ಸಂಗಾರೆಡ್ಡಿ, ಸದಾಶಿವಪೇಟೆ. ರೇಡಿಯೋ ಇಲ್ಲ, ಮಾತೂ ಕಡಿಮೆ. ಹಿಂದಿನಿಂದ ಮನೆಯವರ ವರದಿ ಮಾತ್ರ: "ಮೂವತ್ತೊಂದು." "ಮೂವತ್ತೆರಡು." ಒಮ್ಮೆ ಸ್ವರ ಏರಿತು, ಏ.ಸಿ. ತಗ್ಗಿಸಿದೆವು, ಹತ್ತು ನಿಮಿಷಕ್ಕೆ ಇಳಿಯಿತು. ಇನ್ನೊಮ್ಮೆ ಸದ್ದು ಕಡಿಮೆಯಾದಂತೆ ತೋರಿ ನಮ್ಮ ಎದೆ ಹೊಡೆದುಕೊಂಡಿತು. ಮರದ ನೆರಳಿಗೆ ನಿಲ್ಲಿಸಿ ಮುಚ್ಚಳ ಎತ್ತಿ ನೋಡಿದರೆ ಹರಡಿಕೊಂಡು, ಬಾಯಿ ಮುಚ್ಚಿ, ನಿಜವಾಗಿ ನಿದ್ದೆ ಮಾಡುತ್ತಿದ್ದವು. ಒಂದು ಕಣ್ಣು ತೆರೆದು ನಮ್ಮನ್ನು ನೋಡಿ ಮತ್ತೆ ಮುಚ್ಚಿತು. ಸೆಕೆಯಾಗಿದ್ದರೆ ರೆಕ್ಕೆ ಅಗಲಿಸಿ ದೂರ ದೂರ ಬಿದ್ದಿರುತ್ತಿದ್ದವು. ಚಳಿಯಾಗಿದ್ದರೆ ಒಂದರ ಮೇಲೊಂದು. ಕಿವಿಗೆ ಸಂಶಯ ಬಂದಾಗ ಕಣ್ಣನ್ನು ಕೇಳಬೇಕು, ನಿಲ್ಲಿಸಿ ನೋಡಲು ಸೋಮಾರಿತನ ಕೂಡದು.

ಗುಂಡಿ, ಹಂಪು ಬಂದಲ್ಲೆಲ್ಲ ತಲೆಯ ಮೇಲೆ ತುಂಬಿದ ಕೊಡವಿದ್ದಂತೆ ನಡೆಸಿದೆವು. ಲಾರಿಯವರು ಹಿಂದಿನಿಂದ ಹಾರ್ನು ಹೊಡೆದು, ನಮ್ಮ ಕಡೆ ನೋಡಿ ಏನೋ ಅಂದುಕೊಂಡು ಮುಂದೆ ಹೋದರು. ಜಹೀರಾಬಾದಿನಲ್ಲಿ ಅದೇ ಹೋಟೆಲು. ನಾವು ಇಳಿದು ತಿಂದು ಬಂದೆವು, ಮನೆಯವರು ನೆರಳಿನಲ್ಲಿ ಗಾಜಿಳಿಸಿ ಕಾರಿನಲ್ಲೇ ಕುಳಿತರು. ಆಮೇಲೆ ಅವರು ಇಳಿದರು, ನಾವು ಕುಳಿತೆವು. ತಿನ್ನುವ ಮುಂಚೆ ಇಬ್ಬರೂ ಸಾಬೂನಿನಿಂದ ಕೈ ತೊಳೆದೆವು. ಮರಿ ಮುದ್ದಾಗಿ ಕಂಡರೂ ಅದರ ಹಿಕ್ಕೆಯಲ್ಲಿ ನಮ್ಮ ಹೊಟ್ಟೆ ಕೆಡಿಸುವ ಕ್ರಿಮಿಗಳಿರಬಹುದು. ಮಕ್ಕಳು ಕೆನ್ನೆಗೆ ಒತ್ತಿಕೊಳ್ಳದಂತೆ ನೋಡಿಕೊಳ್ಳಬೇಕು. ಹಾಗೆಯೇ ದಾರಿಯಲ್ಲಿ ಸ್ನೇಹಿತರ ಕೋಳಿಫಾರಮ್ಮು ನೋಡಿಕೊಂಡು ಹೋಗೋಣವೆಂಬ ಚಪಲ ಬೇಡ. ಕುಮಾವೂನಿನ ರಾಣಿಖೇತ ಊರಿನ ಹೆಸರು ಹೊತ್ತ ರೋಗವೊಂದುಂಟು. ಅದು ಚಪ್ಪಲಿಯ ಅಟ್ಟೆಗೆ ಅಂಟಿಕೊಂಡೂ ಬರಬಲ್ಲದು.

ಜಹೀರಾಬಾದಿನಿಂದಲೇ ಅಕ್ಕನಿಗೆ ಫೋನು ಮಾಡಿ "ದೀಪ ಹಚ್ಚು" ಎಂದೆವು. ಈ ದೀಪದ್ದೂ ಒಂದು ಕಥೆ. ಮೊದಲ ಸಲ ಅವಳು ಕಾವಿಗೆಂದು ತೂಗುಹಾಕಿದ್ದುದು ಎಲ್‌ಇಡಿ ಬಲ್ಬು. ಬೆಳಕು ಹಗಲಿನಂತೆ, ಶಾಖ ಮಾತ್ರ ಸೊನ್ನೆ! ಆ ರಾತ್ರಿ ಸತ್ತ ನಾಲ್ಕರಲ್ಲಿ ಅದರ ಪಾಲೂ ಇರಬೇಕು. ಮರಿಗೆ ಒಂದೆರಡು ವಾಟ್‌ನಂತೆ ತಂತಿಯ ಬಲ್ಬೇ ಬೇಕು. ನಾಲ್ಕು ಅಂಗಡಿ ಅಲೆದು ಅರವತ್ತು ವಾಟ್‌ನ ಎರಡನ್ನು ಮೊದಲೇ ಕಳಿಸಿಕೊಟ್ಟಿದ್ದೆವು. ಮರಿ ಬರುವ ಕೆಲವು ಗಂಟೆ ಮುಂಚೆಯೇ ಗೂಡು ಬೆಚ್ಚಗಾಗಿರಬೇಕು.

ಹನ್ನೊಂದಕ್ಕೆ ಸ್ವಲ್ಪ ಮುಂಚೆ ಅಂಗಳ ತಲುಪಿದೆವು. ಮುಚ್ಚಳ ತೆಗೆಯುವ ಧೈರ್ಯ ನಮಗಾಗಲಿಲ್ಲ, ಅಕ್ಕನೇ ತೆಗೆದಳು. ಒಂದೊಂದನ್ನೂ ಎತ್ತಿ, ಕಾದಾರಿದ ಬೆಲ್ಲದ ನೀರಿಗೆ ಕೊಕ್ಕನ್ನು ಒಮ್ಮೆ ಅದ್ದಿ, ಗೂಡಿನೊಳಗೆ ಬಿಡುತ್ತ ಬಾಯಲ್ಲಿ ಎಣಿಸಿದಳು. ನೀರಿನ ತಟ್ಟೆಯಲ್ಲಿ ಮರಿ ಮುಳುಗದಂತೆ ಹರಳುಕಲ್ಲು ತುಂಬಿಸಿದ್ದಳು. ಎರಡು ಗಂಟೆ ನೀರು ಮಾತ್ರ, ಆಮೇಲೆ ನುಣ್ಣಗೆ ಒಡೆದ ಗೋವಿನಜೋಳದ ನುಚ್ಚು. ಓಣಿಯ ಹುಡುಗ ಅವಳಿಗೂ ಪಾಠ ಹೇಳಿದ್ದನೆಂದು ಕಾಣುತ್ತದೆ. ನಲವತ್ತೊಂಬತ್ತು, ಐವತ್ತು ಎಂದು ಹೇಳಿ ಪೆಟ್ಟಿಗೆಯ ಮೂಲೆಗೆ ಕೈಹಾಕಿ ಕೊನೆಯದನ್ನು ತೆಗೆದಳು. ಅದು ಅವಳ ಹಿಡಿಯೊಳಗಿಂದಲೇ ಗಟ್ಟಿಯಾಗಿ ಕೂಗಿತು.

"ಐವತ್ತೊಂದು" ಎಂದಳು. ಆಮೇಲೆ "ರೊಕ್ಕ ಎಷ್ಟಾತು?" ಎಂದಳು.

"ಇರಲಿ ಬಿಡಕ್ಕ."

"ಇರಲಿ ಅಂದ್ರ ಪುಸ್ತಕದಾಗ ಏನಂತ ಬರೀಲಿ? ಇರಲಿ ಅಂತ ಬರೀಲೇನು?"

ಮೊತ್ತ ಹೇಳಿದೆವು. ಅರ್ಧ ಅಂದೇ ಕೊಟ್ಟಳು. ಉಳಿದರ್ಧ ಮೊಟ್ಟೆ ಬಂದ ಮೇಲೆ ಎಂದು ಬರೆದುಕೊಂಡಳು. ಮೂರನೆಯ ದಿನ ಒಂದು ಮರಿ ಸತ್ತಿತೆಂದು ಫೋನು ಬಂತು. ಹೊಕ್ಕುಳು ಸರಿಯಾಗಿ ಒಣಗಿರಲಿಲ್ಲವಂತೆ. ನಾವು ಕೈಯಲ್ಲಿ ಹಿಡಿದು ನೋಡಿಯೂ ತಪ್ಪಿಸಿಕೊಂಡದ್ದು. ಉಳಿದ ಐವತ್ತಕ್ಕೂ ಈಗ ಗರಿ ಬಂದಿದೆ. ಏಪ್ರಿಲಿನವುಗಳಲ್ಲಿ ಹೇಟೆಗಳು ಮೊಟ್ಟೆಯಿಡಲು ತೊಡಗಿವೆ. ಸೊಸೆಯ ಒಂದು ಕಂತು ಫೀಸು ಕಟ್ಟಿಯಾಯಿತು.

ಯಾದಗಿರಿಯ ಹಿರಿಯರು ಸಂಕ್ರಾಂತಿ ಕಳೆದ ಮೇಲೆ ಹೊರಡುತ್ತಾರಂತೆ. ಅವರಿಗೆ ನಮ್ಮ ಉಷ್ಣಮಾಪಕವನ್ನು ಕಡ ಕೊಡುತ್ತೇವೆ, ಸಂಘದ ಕಚೇರಿಯಲ್ಲಿ ಸಹಿ ಹಾಕಿ ಒಯ್ಯಬಹುದು. ಫೆಬ್ರವರಿಯೊಳಗೆ ದಯವಿಟ್ಟು ಹಿಂತಿರುಗಿಸಬೇಕು. ಅಕ್ಕನ ಪಕ್ಕದ ಮನೆಯವರೂ ಐವತ್ತು ಕೇಳಿದ್ದಾರೆ.